ಮತ ತಿರುಗಿಸಿದರೆ ತಮ: ರಾಜಕೀಯ ಪದಬಂಧ ಎಲ್ಲಿಗೆ ಬಂತು

ರಾಜಕೀಯದ ಪದಗಳನ್ನಿಟ್ಟು ಕನ್ನಡದಲ್ಲೊಂದು ಕ್ರಿಪ್ಟಿಕ್ ಪದಬಂಧ, ಅಂದರೆ ಸುಳಿವಿನಲ್ಲೇ ಅಕ್ಷರದಾಟ ಅಡಗಿರುವ ಪದಬಂಧ, ಕಟ್ಟುತ್ತಿದ್ದೇನೆ. ಮೊದಲು ಗ್ರಿಡ್, ಅಂದರೆ ಮನೆಗಳ ಚೌಕ. ಇಂಗ್ಲಿಷ್ ಕ್ರಿಪ್ಟಿಕ್‌ಗೆ 15×15 ರೂಢಿ. ಕನ್ನಡಕ್ಕೆ 9×9 ಸಾಕು. ಒಂದು ಮನೆಯಲ್ಲಿ ಒಂದು ಪೂರ್ತಿ ಅಕ್ಷರ, ಒತ್ತು-ಸೊನ್ನೆ ಸಮೇತ ಕೂರುವುದರಿಂದ ಹೆಚ್ಚಿನ ಪದಗಳು ಮೂರರಿಂದ ಐದು ಮನೆಯಲ್ಲಿ ಮುಗಿಯುತ್ತವೆ. ಬೆಸ ಸಾಲುಗಳಲ್ಲಿ ಎಡದಿಂದ ಬಲಕ್ಕೆ, ಬೆಸ ಕಾಲಂಗಳಲ್ಲಿ ಮೇಲಿನಿಂದ ಕೆಳಕ್ಕೆ. ಹಾಳೆಯನ್ನು ತಲೆಕೆಳಗು ಹಿಡಿದರೂ ಕಪ್ಪು ಮನೆಗಳು ಅಲ್ಲಲ್ಲೇ ಇರಬೇಕು.

ಅಕ್ಷರ ಎಣಿಸಲು ಎಕ್ಸೆಲ್‌ನ ಲೆನ್ ಫಾರ್ಮುಲಾ ನಂಬಬಾರದು. ‘ಪಕ್ಷಾಂತರ’ಕ್ಕೆ ಅದು 8 ಎನ್ನುತ್ತದೆ, ಬೇಕಾದ ಮನೆ 4. ವಿರಾಮ, ದೀರ್ಘ, ಸೊನ್ನೆ ಎಲ್ಲವೂ ಅದರ ಲೆಕ್ಕದಲ್ಲಿ ಬೇರೆ ಬೇರೆ. ಪಟ್ಟಿ ಮಾಡುವಾಗಲೇ ಒಂದು ಸೆಲ್‌ಗೆ ಒಂದು ಅಕ್ಷರ ಟೈಪ್ ಮಾಡಿ, ತುಂಬಿದ ಸೆಲ್ ಎಣಿಸುವುದೇ ಸುಲಭ. ಕಾಗುಣಿತವೂ ಮೊದಲೇ ತೀರ್ಮಾನವಾಗಬೇಕು: ‘ಸರಕಾರ’ ನಾಲ್ಕು ಮನೆ, ‘ಸರ್ಕಾರ’ ಮೂರೇ.

‘ರಾಜಕಾರಣ’ವನ್ನು ಮೊದಲ ಸಾಲಿಗೆ ಹಾಕಿದ್ದು ತಪ್ಪಾಯಿತು. ಐದನೇ ಮನೆಯ ‘ಣ’ದಿಂದ ಕೆಳಕ್ಕೆ ಒಂದು ಪದ ಹೊರಡಬೇಕು, ‘ಣ’ದಿಂದ ಶುರುವಾಗುವ ಬಳಕೆಯ ಪದ ಕನ್ನಡದಲ್ಲಿ ಇಲ್ಲ. ಕೊನೆಯ ಸಾಲಿನ ಬಲತುದಿಗೆ ಇಳಿಸಿದ ಮೇಲೆ ಸರಿಹೋಯಿತು. ಈಗ ‘ರಾ’ ಮೇಲೆ ದಸರಾ, ‘ಕಾ’ ಮೇಲೆ ಆಫ್ರಿಕಾ, ‘ಣ’ ಮೇಲೆ ಮರಣ. ಆಫ್ರಿಕಾದ ‘ಆ’ ಅಡ್ಡಸಾಲಿನ ಪದದ ಮಧ್ಯೆ ಬರುವಂತಿಲ್ಲ, ಸ್ವರ ಪದದ ತಲೆಯಲ್ಲೇ ಇರಬೇಕು. ಹಾಗಾಗಿ ಏಳನೇ ಸಾಲು: ಸಮಾಜವಾದ, ಒಂದು ಕಪ್ಪು ಮನೆ, ಆಗಮ. ದಸರಾಕ್ಕೆ ‘ಮೈಸೂರಿನ ಹಬ್ಬ’ ಎಂಬ ಹಳಸಲು ಸುಳಿವು ಬೇಡ, ಮಂಗಳೂರಿನ ನಮಗೆ ಕುದ್ರೋಳಿ ದೇವಸ್ಥಾನದ ದಸರಾ ಇದೆ.

ನಡುವಿನ ಐದನೇ ಸಾಲಿನಲ್ಲಿ ನಾಲ್ಕು ಮನೆಯ ಎರಡು ಪದ. ಎಡಗಡೆಯದಕ್ಕೆ ಒಂದನೇ ಮತ್ತು ಮೂರನೇ ಅಕ್ಷರ ಅಡ್ಡ ಬೀಳುತ್ತದೆ, ಬಲಗಡೆಯದಕ್ಕೆ ಎರಡು ಮತ್ತು ನಾಲ್ಕು. ‘ಕ್ಷಾಂ’ ಇರುವ ಮನೆಯನ್ನು ಇನ್ನೊಂದು ಪದ ದಾಟುವುದು ಹೆಚ್ಚುಕಡಿಮೆ ಅಸಾಧ್ಯ. ಅದಕ್ಕೇ ‘ಪಕ್ಷಾಂತರ’ ಎಡದಲ್ಲೇ ಇರಬೇಕು. ಬಲಕ್ಕೆ ದಾಟಿಸಿದ ಕೂಡಲೇ ಗ್ರಿಡ್ ಒಡೆಯುತ್ತದೆ. ಇದು ವ್ಯಂಗ್ಯವಲ್ಲ ಮಾರಾಯ್ರೆ, ಲೆಕ್ಕ.

ಇನ್ನು ಸುಳಿವು. ರಾಜಕೀಯ ಪದಗಳು ಹೆಚ್ಚಾಗಿ ಸಂಸ್ಕೃತ ಸಮಾಸಗಳು. ಬಿಡಿಸಿದರೆ ತುಂಡುಗಳೂ ಅದೇ ಅರ್ಥ ಕೊಡುತ್ತವೆ, ಅಡಗಿಸಲು ಏನೂ ಉಳಿಯುವುದಿಲ್ಲ. ತುಂಡಿನ ಬೇರೆ ಅರ್ಥ ಹಿಡಿಯಬೇಕು, ಇಲ್ಲವೇ ತಿರುಗಿಸಬೇಕು. ಇಷ್ಟು ನಿಂತಿವೆ (ಕಂಸದಲ್ಲಿರುವುದು ಉತ್ತರದ ಮನೆಗಳ ಲೆಕ್ಕ):

ಎಲ್ಲದಕ್ಕೂ ದೊರೆಯೇ ಹೇತು ಎನ್ನುವ ದಂಧೆ (5). ರಾಜ, ಕಾರಣ.

ಹದಿನೈದು ದಿನಕ್ಕೆ ದೂರ ಕೂಡಿದರೆ ಶಾಸಕರ ಜಿಗಿತ (4). ಪಕ್ಷ, ಅಂತರ. ಸಂಧಿಯಲ್ಲಿ ಒಂದು ಅಕ್ಷರ ಕರಗುತ್ತದೆ, ‘ಕೂಡಿದರೆ’ ಎಂಬ ಸೂಚನೆ ಅದಕ್ಕೆ.

ನಾಚುವ ಗಲಿಬಿಲಿ, ಹಣೆಯ ಕೊನೆ: ಐದು ವರ್ಷಕ್ಕೊಮ್ಮೆ (4). ‘ನಾಚುವ’ ಕಲಕಿ, ಕೊನೆಗೆ ‘ಣೆ’: ಚುನಾವಣೆ.

ತುಂಬಾ ಕತ್ತಲೆ, ಕೊನೆಗೆ ತಿರುವು. 272 ಬಂದರೆ ಸಿಗುವುದು (4). ಬಹು, ತಿರುಗಿದ ತಮ: ಬಹುಮತ.

ಆಸಕ್ತಿ ಇಳಿಯಲು ಶುರುವಾದದ್ದು ಇಲ್ಲಿಂದ. ಕ್ರಿಪ್ಟಿಕ್ ಸುಳಿವಿನ ಒಂದು ತುದಿ ಆಟ, ಇನ್ನೊಂದು ತುದಿ ನೇರ ಅರ್ಥ. ಆಟ ಎಷ್ಟು ವಕ್ರವಾದರೂ ಆಗಬಹುದು, ಅರ್ಥ ಮಾತ್ರ ಅಲುಗಬಾರದು. ರಾಜಕೀಯದ ಪದಗಳಲ್ಲಿ ಅಲುಗುವುದೇ ಆ ತುದಿ. ‘ಐದು ವರ್ಷಕ್ಕೊಮ್ಮೆ’ ಎಂದರೆ 1996, 1998, 1999ರ ಲೋಕಸಭಾ ಚುನಾವಣೆಗಳು ಎದುರು ನಿಲ್ಲುತ್ತವೆ. ಕ್ಷೇತ್ರ ಮರುವಿಂಗಡಣೆಯಲ್ಲಿ ಲೋಕಸಭೆಯ ಸ್ಥಾನಗಳ ಸಂಖ್ಯೆ 543 ಬದಲಾದರೆ 272 ಸುಳ್ಳಾಗುತ್ತದೆ. ‘ಲೋಕಸಭಾ ಕ್ಷೇತ್ರ (4)’ ಎಂದು ಹಿಂದೆ ಮಂಗಳೂರಿಗೆ ಕೊಡಬಹುದಿತ್ತು. 2009ರ ಚುನಾವಣೆಯಿಂದ ಅದು ದಕ್ಷಿಣ ಕನ್ನಡ. ‘ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಟ್ಟಿಗೆ ಹೋದರೆ ತಪ್ಪಲ್ಲ’ ಎಂಬುದು ಪಕ್ಷಾಂತರ ನಿಷೇಧ ಕಾನೂನಿನ ಮಟ್ಟಿಗೆ 1985ರಿಂದ ಸರಿಯಿತ್ತು, 2003ರಲ್ಲಿ ಸಂವಿಧಾನದ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು ಮೂರನೇ ಎರಡು ಭಾಗದ ವಿಲೀನ.

ಎಲ್ಲಕ್ಕಿಂತ ಕೈಕೊಟ್ಟದ್ದು ‘ಸಮಾಜವಾದ’. ಆಟದ ಭಾಗ ಕೇಳದೆಯೇ ಕೈಗೆ ಬಂದಿದೆ. ಪದವನ್ನು ಹಿಂದುಮುಂದು ಮಾಡಿದರೆ ದವಾ, ಜಮಾ, ಸ. ಹಾಗಾಗಿ: ‘ಮದ್ದು, ಜಮಾ, ಸರಕಾರದ ತಲೆ, ಎಲ್ಲ ಬಲದಿಂದ ಎಡಕ್ಕೆ (5).’ ಇಂಥದ್ದು ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಆದರೆ ನೇರ ಅರ್ಥ ಬರೆಯಲು ಕೂತರೆ ಪೆನ್ನು ನಿಲ್ಲುತ್ತದೆ. ‘1976ರಲ್ಲಿ ಸಂವಿಧಾನದ ಪೀಠಿಕೆಗೆ ಸೇರಿದ್ದು’ ಎನ್ನೋಣವೆಂದರೆ 42ನೇ ತಿದ್ದುಪಡಿಯಲ್ಲಿ ಸೇರಿದ್ದು ‘ಸಮಾಜವಾದಿ’ ಎಂಬ ವಿಶೇಷಣ, ಈ ನಾಮಪದವಲ್ಲ. ‘ಸರಕಾರದ ಆರ್ಥಿಕ ನೀತಿ’ ಎಂದರೆ 1991ರ ನಂತರ ಯಾರೂ ಒಪ್ಪುವುದಿಲ್ಲ. ‘ಎಲ್ಲರೂ ಸಮಾನರೆಂಬ ತತ್ತ್ವ’ ಎಂದು ಬರೆದರೆ ಸುಳಿವಾಗುವ ಬದಲು ಭಾಷಣವಾಗುತ್ತದೆ. ಅರ್ಥದ ಜಾಗ ಖಾಲಿಯೇ ಇದೆ.

ಗ್ರಿಡ್‌ನಲ್ಲೂ ಎಡಗಡೆ ಕೆಳಗೆ ಸಿಕ್ಕಿಬಿದ್ದಿದೆ. ಒಂದನೇ ಕಾಲಂನಲ್ಲಿ ಪಕ್ಷಾಂತರದ ‘ಪ’, ಎರಡು ಮನೆ ಕೆಳಗೆ ಸಮಾಜವಾದದ ‘ಸ’. ‘ಪರಿಸಮಾಪ್ತಿ’ ಅಳತೆ ತೆಗೆದು ಹೊಲಿದಂತೆ ಕೂತಿತ್ತು. ಆದರೆ ಕೊನೆಯ ಸಾಲಿನ ಪದ ‘ಪ್ತಿ’ಯಿಂದ ಶುರುವಾಗಬೇಕಾಗಿ ಬಂದು ತೆಗೆಯಬೇಕಾಯಿತು. ಬದಲಿಗೆ ‘ಪರಸಹಾಯ’ ಹಾಕಿದೆ, ‘ಯ’ದಿಂದ ಯಮುನೆ, ಯವನ ಏನಾದರೂ ಹೊಂದಬಹುದು. ಮೂರನೇ ಕಾಲಂಗೆ ‘ತ’, ಖಾಲಿ, ‘ಜ’, ಖಾಲಿ, ಖಾಲಿ. ‘ತರಜುಮೆ’ ಹತ್ತಿರ ಬಂದು ತಪ್ಪುತ್ತದೆ: ‘ಜ’ ಬೇಕಾದಲ್ಲಿ ‘ಜು’, ಮನೆಯೂ ಒಂದು ಕಮ್ಮಿ. ಇಲ್ಲೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ‘ತ’ ವಿಭಾಗ ನೋಡುವುದು ಬಾಕಿ. ಅಲ್ಲೂ ಸಿಗದಿದ್ದರೆ ಏಳನೇ ಸಾಲನ್ನೇ ಕೀಳಬೇಕು. ಆಗ ಸಮಾಜವಾದವೂ ಹೋಗುತ್ತದೆ, ಅದರ ಅರ್ಥ ಹುಡುಕುವ ಕೆಲಸವೂ.