ಕೆಮಿಕಲ್ ಇದೆ, ಬೇಕಾದರೆ ತೆಗೆದುಕೊಳ್ಳಿ

"ನಿಮ್ಮ ಸೋಪಿನಲ್ಲಿ ಕೆಮಿಕಲ್ ಇಲ್ಲ ತಾನೇ?"

ನನಗೆ ಸಿಟ್ಟು ಬರುವುದು ಆ 'ತಾನೇ'ಗೆ. ಕೇಳುವವರು ಉತ್ತರವನ್ನೂ ಮನೆಯಿಂದಲೇ ತಂದಿರುತ್ತಾರೆ. ನಾನು ತಲೆಯಾಡಿಸಿದರೆ ಸಾಕು, ನೂರಿಪ್ಪತ್ತು ರೂಪಾಯಿ ಕೈಗೆ ಬರುತ್ತದೆ. ತಿಪಟೂರಿನಲ್ಲಿ ಮನೆಯ ಹಿಂದಿನ ಕೋಣೆಯಲ್ಲಿ ಏಳು ವರ್ಷದಿಂದ ಕೊಬ್ಬರಿ ಎಣ್ಣೆಯ ಸೋಪು ಮಾಡುತ್ತಿದ್ದೇನೆ. ಮದುವೆ ಊಟದ ಪಂಕ್ತಿಯಲ್ಲಿ ಈ ಪ್ರಶ್ನೆ ಬಂದಿದೆ, ಬಸ್ಸಿನಲ್ಲಿ ಬಂದಿದೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಕುಳಿತಿದ್ದಾಗಲೂ ಬಂದಿದೆ. ಇನ್ನು ಬಾಯಲ್ಲಿ ಹೇಳಲಾರೆ. ಇಲ್ಲಿ ಬರೆದಿಡುತ್ತೇನೆ, ಓದಿಕೊಳ್ಳಿ.

ಇದೆ. ಹೆಸರು ಕಾಸ್ಟಿಕ್ ಸೋಡಾ. ಒಂದು ಕೆ.ಜಿ. ಕೊಬ್ಬರಿ ಎಣ್ಣೆ ಪೂರ್ತಿಯಾಗಿ ಸೋಪಾಗಲು ಸುಮಾರು 183 ಗ್ರಾಂ ಬೇಕು. ಅದನ್ನು ನೀರಿಗೆ ಹಾಕಿದರೆ ಒಲೆಯಿಲ್ಲದೆ ನೀರು ಕೊತಕೊತ ಎನ್ನುವಷ್ಟು ಕಾಯುತ್ತದೆ. ಮೊದಲ ಸಲ ನಾನು ಅತ್ತೆಯವರ ಅಲ್ಯೂಮಿನಿಯಂ ಬೋಸಿಯಲ್ಲಿ ಕಲಸಿದ್ದೆ. ಬೋಸಿ ಬುಸುಗುಟ್ಟಿ, ನೊರೆಯುಕ್ಕಿ, ಕಪ್ಪಾಯಿತು. ಅತ್ತೆ ಇವತ್ತಿಗೂ ನನ್ನ ಸೋಪನ್ನು 'ಆ ಬೋಸಿ ತಿಂದಿದ್ದು' ಎಂದೇ ಕರೆಯುತ್ತಾರೆ.

ಅಳತೆ ಸರಿಯಿದ್ದರೆ ಎಣ್ಣೆಯೊಂದಿಗೆ ಬೆರೆತ ಕಾಸ್ಟಿಕ್ ಸೋಡಾ ಸೋಪಾಗಿ, ಜೊತೆಗೆ ಗ್ಲಿಸರಿನ್ ಹುಟ್ಟಿಸಿ, ತಾನು ಇಲ್ಲವಾಗುತ್ತದೆ. ತಪ್ಪಿದರೆ ಉಳಿದುಕೊಂಡು ಚರ್ಮ ಸುಡುತ್ತದೆ. ಅದಕ್ಕೇ ಪ್ರತಿ ಅಚ್ಚಿನ ಸೋಪನ್ನೂ ಮಾರುವ ಮುಂಚೆ ನಾಲಿಗೆಯ ತುದಿಗೆ ತಾಗಿಸಿ ನೋಡುತ್ತೇನೆ. ಚುರ್ ಎಂದರೆ ಆ ಅಚ್ಚು ಮಾರಾಟಕ್ಕಿಲ್ಲ. ನಾನು ಮಾಡಿದ್ದಾಗಲಿ, ಅಂಗಡಿಯದಾಗಲಿ, ಕಾಸ್ಟಿಕ್ ಇಲ್ಲದೆ ಸ್ನಾನದ ಸೋಪಿನ ಗಟ್ಟಿ ಆಗುವುದಿಲ್ಲ. ಅಂಗಡಿಯ ಸೋಪಿನ ಹಿಂದೆ 'ಸೋಡಿಯಂ ಪಾಮೇಟ್' ಎಂದು ಬರೆದಿರುತ್ತದಲ್ಲ, ಅದು ತಾಳೆ ಎಣ್ಣೆಯೂ ಕಾಸ್ಟಿಕ್ಕೂ ಕೂಡಿ ಆದ ಸೋಪಿನ ಹೆಸರು. ಕೆಮಿಕಲ್ ಬೇಡವೇ ಬೇಡ ಎನ್ನುವವರಿಗೆ ಅಂಟುವಾಳವಿದೆ, ಸೀಗೆಕಾಯಿಯಿದೆ, ಕಡಲೆಹಿಟ್ಟಿದೆ. ನನ್ನ ಹತ್ತಿರ ಬರಬೇಕಾಗಿಯೇ ಇಲ್ಲ.

ಇಷ್ಟನ್ನೂ ಒಮ್ಮೆ ತುಮಕೂರಿನ ಗಾಜಿನ ಮನೆಯ ಮೇಳವೊಂದರಲ್ಲಿ ಒಬ್ಬ ಗಿರಾಕಿಗೆ ಹೇಳಿದೆ. ಆಕೆ ಎರಡು ಸೋಪು ಮೂಸಿ, ಮೂರನೆಯದನ್ನು ಕೈಯಲ್ಲಿ ಹಿಡಿದು, "ಕೆಮಿಕಲ್ ಇಲ್ಲ ತಾನೇ ಅಕ್ಕಾ?" ಎಂದರು. "ಕಾಸ್ಟಿಕ್ ಸೋಡಾ ಹಾಕಿಯೇ ಮಾಡುವುದು" ಎಂದೆ. ಬಿಸಿ ಕಾವಲಿ ಮುಟ್ಟಿದವರಂತೆ ಸೋಪನ್ನು ಕೆಳಗಿಟ್ಟರು. "ಅದು ಬಚ್ಚಲು ತೊಳೆಯುವುದಲ್ಲವೇ?" ಹೌದು, ಕಟ್ಟಿಕೊಂಡ ಕೊಳವೆ ಬಿಡಿಸುವುದೂ ಅದೇ. ನಾನು ಬಾಯಿ ಮುಚ್ಚಿಕೊಳ್ಳಬಹುದಿತ್ತು. ಎಣ್ಣೆ, ಕ್ಷಾರ, ಗ್ಲಿಸರಿನ್ ಎಂದು ಪಾಠ ಶುರುಮಾಡಿದೆ. ಪಕ್ಕದ ಮಳಿಗೆಯವರು ಕೂಗಿದರು: "ಇಲ್ಲಿ ಬನ್ನಿ ಮೇಡಂ, ನಮ್ಮದರಲ್ಲಿ ಏನೂ ಹಾಕಿಲ್ಲ." ಏನೂ ಹಾಕದ ಆರು ಸೋಪು ನನ್ನ ಕಣ್ಣೆದುರೇ ಮಾರಾಟವಾದವು. ಅವರೂ ನಾನೂ ಕಾಸ್ಟಿಕ್ ತರುವುದು ಒಂದೇ ಅಂಗಡಿಯಿಂದ.

ಹಾಗಾದರೆ ಅಂಗಡಿಯ ಸೋಪು ಕೆಟ್ಟದ್ದೇ? ಹಾಗೆ ನಾನು ಯಾವತ್ತೂ ಹೇಳಿಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯುರೋಪಿಗೆ ಹೋಗುವುದು ನಿಂತು, 1916ರಲ್ಲಿ ಮೈಸೂರು ಸರ್ಕಾರ ಗಂಧದೆಣ್ಣೆಯನ್ನು ತಾನೇ ತೆಗೆಯತೊಡಗಿತು. ಮೈಸೂರು ಸ್ಯಾಂಡಲ್ ಹುಟ್ಟಿದ್ದು ಆ ಎಣ್ಣೆಯಿಂದ. ಅದೂ ಕಾರ್ಖಾನೆಯ ಸೋಪೇ. ನಮ್ಮ ಬಚ್ಚಲುಮನೆಯಲ್ಲಿ ನನ್ನ ಸೋಪಿನ ಪಕ್ಕದಲ್ಲೇ ಅದೂ ಇದೆ; ಅತ್ತೆ ಮುಟ್ಟುವುದು ಅದೊಂದನ್ನೇ. ಸಾಮಾನ್ಯವಾಗಿ ದೊಡ್ಡ ಕಾರ್ಖಾನೆಗಳು ಗ್ಲಿಸರಿನ್ ಬೇರ್ಪಡಿಸಿ ಬೇರೆಯಾಗಿ ಮಾರುತ್ತವೆ. ನನ್ನದರಲ್ಲಿ ಅದು ಉಳಿಯುತ್ತದೆ. ಚರ್ಮಕ್ಕೆ ಹಿತ, ಆದರೆ ಅದು ನೀರು ಹೀರುವ ವಸ್ತು. ತೂತಿಲ್ಲದ ಡಬ್ಬಿಯಲ್ಲಿಟ್ಟರೆ ಸೋಪು ವಾರದಲ್ಲಿ ಅಂಬಲಿಯಾಗುತ್ತದೆ. ಅಂಗಡಿಗೆ ಹೋದರೆ ಹೊದಿಕೆಯ ಹಿಂದೆ ಟಿಎಫ್‌ಎಂ ನೋಡಿ, ಅಂದರೆ ಸೋಪಿನಲ್ಲಿ ಒಟ್ಟು ಕೊಬ್ಬಿನಂಶ ಶೇಕಡಾ ಎಷ್ಟು ಎಂಬುದನ್ನು. ಮೊದಲ ದರ್ಜೆಯ ಟಾಯ್ಲೆಟ್ ಸೋಪಿಗೆ ಕನಿಷ್ಠ 76 ಇರಬೇಕು. 'ಬೇದಿಂಗ್ ಬಾರ್' ಎಂದು ಬರೆದಿದ್ದರೆ 40 ಇದ್ದರೂ ನಡೆಯುತ್ತದೆ. ಎಲೆ, ಹೂವು, ಜೇನಿನ ಚಿತ್ರ ಎರಡರ ಮೇಲೂ ಇರುತ್ತದೆ.

ಬೆಲೆ ಯಾಕೆ ಅಷ್ಟು ಎಂದರೆ, ನಮ್ಮ ಸೀಮೆಯ ತೆಂಗಿನಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಕುಳಿತು, ಒಳಗೇ ಒಣಗಿ, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಒಳ್ಳೆಯದು ತಿನ್ನುವುದಕ್ಕೆಂದು ಉತ್ತರ ಭಾರತಕ್ಕೆ ಹೋಗುತ್ತದೆ. ನನಗೆ ಚೂರು. ಕೌಟು ವಾಸನೆಯದನ್ನು ಆರಿಸಿ ತೆಗೆದು ಗಾಣಕ್ಕೆ ಹಾಕಿಸಬೇಕು, ಆಮೇಲೆ ಅಚ್ಚು, ಆಮೇಲೆ ಆರು ವಾರ ಗಾಳಿಗೆ. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ.

ನನಗೆ ಬೇಕಾದ ಪ್ರಶ್ನೆಯನ್ನು ಏಳು ವರ್ಷದಲ್ಲಿ ಕೇಳಿದವರು ಒಬ್ಬರೇ. ಅದೇ ಮೇಳದ ಸಂಜೆ, ಪಾವಗಡದ ಕಡೆಯ ಹಿರಿಯರೊಬ್ಬರು ಸೋಪನ್ನು ಮೂಸಲೂ ಇಲ್ಲ, ಬೆಲೆ ಕೇಳಲೂ ಇಲ್ಲ. "ಏನಮ್ಮಾ, ನಮ್ಮ ಬೋರ್‌ವೆಲ್ ನೀರಿಗೆ ಇದು ನೊರೆ ಬರುತ್ತದೆಯೇ?" ಎಂದರು. ಎದ್ದು ನಿಂತೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಬೂದು ಗಸಿ ಮಾಡಿ ಬಕೆಟ್ಟಿಗೆ ಅಂಟಿಸುತ್ತದೆ. ಬರೀ ಕೊಬ್ಬರಿ ಎಣ್ಣೆಯ ಸೋಪು ಆ ನೀರಿನಲ್ಲೂ, ಸಮುದ್ರದ ನೀರಿನಲ್ಲೂ ನೊರೆ ಕೊಡುತ್ತದೆ ಎಂದೆಲ್ಲ ಹೇಳಿದೆ. ಪೂರ್ತಿ ಕೇಳಿದರು. ಒಂದು ಸೋಪು ಬಿಟ್ಟಿ ಕೊಟ್ಟು ನನ್ನ ನಂಬರನ್ನೂ ಬರೆದುಕೊಟ್ಟೆ.

ತಿಂಗಳ ಮೇಲೆ ಫೋನ್ ಬಂತು. "ನೊರೆ ಚೆನ್ನಾಗಿ ಬರುತ್ತದಮ್ಮಾ. ಮೈ ಮಾತ್ರ ಒಣ ಕೊಬ್ಬರಿ ಚಿಪ್ಪಿನ ಹಾಗೆ ಆಗುತ್ತದೆ."

ನಿಜ. ಕೊಬ್ಬರಿ ಎಣ್ಣೆಯೊಂದರಿಂದಲೇ ಮಾಡಿದ ಸೋಪು ಮೈಯ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ. ಐದು ಶೇಕಡಾ ಎಣ್ಣೆ ಸೋಪಾಗದೆ ಉಳಿಯುವಂತೆ ಕಾಸ್ಟಿಕ್ ಕಡಿಮೆ ಹಾಕುತ್ತಿದ್ದೆ, ಅದನ್ನು ಇಪ್ಪತ್ತು ಶೇಕಡಾಕ್ಕೆ ಏರಿಸಿದೆ. ಆ ಅಚ್ಚು ಮೊನ್ನೆ ಕತ್ತರಿಸಿ ಅಟ್ಟಕ್ಕೇರಿಸಿದ್ದೇನೆ. ಐದು ವಾರ ಬಾಕಿ ಇದೆ, ಅವರು ಆಗಲೇ ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ.