ಕೈಗೆಲ್ಲ ಮೆತ್ತಿಕೊಂಡ ವಿಜ್ಞಾನ

ದಾವಣಗೆರೆಯ ಬಿಸಿಲಿಗೆ ಮಕ್ಕಳು ಮನೆಯಲ್ಲೇ ಇದ್ದರು. ಅಂಗಳದಲ್ಲಿ ದೊಡ್ಡ ಬೋಗುಣಿ ಇಟ್ಟು, 2 ಲೋಟ ಕಾರ್ನ್‌ಫ್ಲೋರ್‌ಗೆ ಸುಮಾರು 1 ಲೋಟ ನೀರು ಹಾಕಿ ಕಲಸಿದೆವು. ಗುದ್ದಿದರೆ ಗಟ್ಟಿ, ಸುಮ್ನೆ ಬೆರಳಿಟ್ಟರೆ ಮೆಲ್ಲಗೆ ಒಳಗಿಳಿಯುತ್ತದೆ! ಜೋರಾಗಿ ಒತ್ತಿದಾಗ ಹಿಟ್ಟಿನ ಕಣಗಳು ಒಂದಕ್ಕೊಂದು ತಾಗಿ ಸಿಕ್ಕಿಕೊಳ್ಳುತ್ತವೆ. ನಿಧಾನವಾಗಿ ಒತ್ತಿದರೆ ನಡುವಿನ ನೀರಲ್ಲಿ ಜಾರಿ ದಾರಿ ಬಿಡುತ್ತವೆ. ಅಜ್ಜಿಯೂ ಸೆರಗು ಸಿಕ್ಕಿಸಿ ಕೈ ಹಾಕಿದರು. ಮೆಕ್ಕೆಜೋಳದ ಸೀಮೆ ನಮ್ಮದು, ಅದರಿಂದ ತೆಗೆದ ಈ ಕಾರ್ನ್‌ಫ್ಲೋರ್‌ನಲ್ಲೇ ಎಷ್ಟೊಂದು ವಿಜ್ಞಾನ ಇದೆ ಅಲ್ವಾ?

ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಮಕ್ಕಳು ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ಕಲಿಯುವುದನ್ನು ಕಂಡಾಗಿನಿಂದ ನನಗೊಂದು ಆಸೆ. ರಜೆಯಲ್ಲಿ ಅಪ್ಪ ಅಮ್ಮಂದಿರೂ ಜೊತೆಗೆ ಕೂತು ಕೈ ಮೆತ್ತಿಕೊಳ್ಳುವಂಥ ಮ್ಯೂಸಿಯಂ ಪ್ರತಿ ಊರಲ್ಲೂ ಇರಬೇಕು.

ನೀವೂ ಮಾಡಿ. ಉಳಿದದ್ದನ್ನು ಮಾತ್ರ ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ.