ಕ್ಯಾಪರ್ನಿಕ್ ಆಟ ಕೆಟ್ಟಿತ್ತಾ, ಮಂಡಿಯೂರಿದ್ದೇ ಮುಳುವಾಯಿತಾ?

ನಾನು ಅಮೆರಿಕನ್ ಫುಟ್‌ಬಾಲ್ ನೋಡುತ್ತೇನೆ ಅಂತ ಗೊತ್ತಾದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಆ ಕಾಲಿನ್ ಕ್ಯಾಪರ್ನಿಕ್‌ಗೆ ಅವಕಾಶ ತಪ್ಪಿದ್ದು ರಾಷ್ಟ್ರಗೀತೆ ವೇಳೆ ಮಂಡಿಯೂರಿದ್ದಕ್ಕಾ, ಅಥವಾ ಆಟವೇ ಕೆಟ್ಟಿತ್ತಾ?’ ಕೇಳುವ ದನಿಯಲ್ಲೇ ಅವರಿಗೆ ಬೇಕಾದ ಉತ್ತರ ಇರುತ್ತದೆ.

ಮೊದಲು ಆಟದ ಮಾತು. ಅವನು ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಅಂದರೆ ಪ್ರತಿ ದಾಳಿಯಲ್ಲೂ ಚೆಂಡು ಮೊದಲು ಕೈಗೆ ಬರುವವನು. 2012ರಲ್ಲಿ ತಂಡದ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ತಲೆಗೆ ಪೆಟ್ಟು ಬಿದ್ದಾಗ ಇವನಿಗೆ ಜಾಗ ಸಿಕ್ಕಿತು. ಆಮೇಲೆ ಸ್ಮಿತ್‌ಗೆ ಅದು ವಾಪಸ್ ಸಿಗಲೇ ಇಲ್ಲ. 2013ರ ಜನವರಿಯಲ್ಲಿ ಗ್ರೀನ್ ಬೇ ತಂಡದ ಮೇಲೆ ಚೆಂಡು ಹಿಡಿದು 181 ಗಜ ಓಡಿದ. ಅಲ್ಲಿಯವರೆಗೆ ಒಂದೇ ಪಂದ್ಯದಲ್ಲಿ ಯಾವ ಕ್ವಾರ್ಟರ್‌ಬ್ಯಾಕೂ ಅಷ್ಟು ಓಡಿರಲಿಲ್ಲ. ಉದ್ದುದ್ದ ಕಾಲು, ಹಿಂದೆ ಬಿದ್ದವರು ಸುಮ್ನೆ ಗಾಳಿ ಹಿಡಿಯುತ್ತಿದ್ದರು! ಮುಂದಿನ ತಿಂಗಳು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಕೊನೆಗೆ ಎದುರಾಳಿಯ ಗೆರೆ ದಾಟಲು ಐದು ಗಜ ಬಾಕಿ ಇದ್ದಾಗ ಪಾಸ್ ಕೈಗೆ ಸಿಗಲಿಲ್ಲ. ಬಾಲ್ಟಿಮೋರ್ 34, ಇವರು 31.

ಆ ಎತ್ತರಕ್ಕೆ ಅವನು ಮತ್ತೆ ಏರಲಿಲ್ಲ. 2014ರ ಸೀಸನ್ ಮುಗಿದ ಮೇಲೆ ಕೋಚ್ ಜಿಮ್ ಹಾರ್ಬಾ ಹೋದರು. 2015ರಲ್ಲಿ ಇವನನ್ನು ಬೆಂಚಿಗೆ ಕೂರಿಸಿದರು, ಭುಜದ ಆಪರೇಷನ್ನೂ ಆಯಿತು. ಆದ್ದರಿಂದ ‘ಆಟ ಇಳಿದಿತ್ತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಇನ್ನು ಮಂಡಿಯ ಕಥೆ. ಪೊಲೀಸರು ಕಪ್ಪು ಜನರ ಮೇಲೆ ನಡೆಸುವ ಹಿಂಸೆಯನ್ನು ವಿರೋಧಿಸಿ 2016ರ ಆಗಸ್ಟ್‌ನಲ್ಲಿ ಅವನು ರಾಷ್ಟ್ರಗೀತೆಗೆ ಎದ್ದು ನಿಲ್ಲದೆ ಕೂತೇ ಇದ್ದ. ಮೊದಲೆರಡು ಅಭ್ಯಾಸ ಪಂದ್ಯಗಳಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. ಮೂರನೆಯದರಲ್ಲಿ ಸುದ್ದಿಯಾಯಿತು. ಆಗ ನೇಟ್ ಬೋಯರ್ ಅನ್ನುವ ಮಾಜಿ ಸೈನಿಕ ಅವನನ್ನು ಭೇಟಿಯಾದ. ಕೂರುವ ಬದಲು ಒಂದು ಮಂಡಿ ಊರು, ಸೈನಿಕರು ಸತ್ತ ಗೆಳೆಯನ ಸಮಾಧಿ ಮುಂದೆ ಹಾಗೇ ಮಾಡುತ್ತಾರೆ ಅಂದ. ಸೈನಿಕರಿಗೆ ಬೇಸರವಾಗಬಾರದು ಅಂತ ಆರಿಸಿಕೊಂಡ ಭಂಗಿ ಅದು. ಅದನ್ನೇ ಸೈನ್ಯಕ್ಕೆ ಮಾಡಿದ ಅವಮಾನ ಅಂತ ಜನ ಬೈದರು. ವಿಚಿತ್ರ ಅಲ್ವಾ?

ಅವನು ಮಾಡಿದ್ದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಪೊಲೀಸ್ ಟೋಪಿ ಹಾಕಿದ ಹಂದಿಗಳ ಚಿತ್ರವಿದ್ದ ಸಾಕ್ಸ್ ಹಾಕಿದ್ದು ಹುಡುಗಾಟ. ಆ ವರ್ಷದ ಚುನಾವಣೆಯಲ್ಲಿ ಓಟು ಹಾಕದೇ ಇದ್ದದ್ದಂತೂ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ 10 ಲಕ್ಷ ಡಾಲರ್ ದಾನ ಕೊಡುತ್ತೇನೆ ಅಂದವನು ಕೊಟ್ಟ.

2016ರಲ್ಲಿ ಅವನು ಶುರುವಿನಿಂದ ಆಡಿದ 11 ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ. ಆದರೆ ತಂಡವೇ ದುರ್ಬಲವಾಗಿತ್ತು. ಅವನ ಪಾಸ್‌ಗಳಿಂದ 16 ಟಚ್‌ಡೌನ್ (ಗೆರೆ ದಾಟಿ ಅಂಕ ಗಳಿಸುವುದು) ಬಂದವು, ಎದುರಾಳಿಗಳ ಕೈಗೆ ಹೋದದ್ದು ನಾಲ್ಕೇ. 2017ರ ಮಾರ್ಚ್‌ನಲ್ಲಿ ಒಪ್ಪಂದ ಬಿಟ್ಟು ತಾನೇ ಹೊರಬಂದ. ಬಿಡದಿದ್ದರೆ ತಂಡವೇ ಕೈಬಿಡುತ್ತಿತ್ತು. ಅಲ್ಲಿಯವರೆಗೂ ಸರಿ.

ನನ್ನ ಅನುಮಾನ ಶುರುವಾಗುವುದು ಆಮೇಲೆ. ಆ ಆಗಸ್ಟ್‌ನಲ್ಲಿ ಮಯಾಮಿ ಡಾಲ್ಫಿನ್ಸ್ ತಂಡದ ಕ್ವಾರ್ಟರ್‌ಬ್ಯಾಕ್‌ಗೆ ಮಂಡಿನೋವು. ಅವರು ಕರೆದದ್ದು ಜೇ ಕಟ್ಲರ್‌ನನ್ನು. ಅವನೋ ಆಟ ಬಿಟ್ಟು ಟಿವಿ ಕಾಮೆಂಟರಿ ಕೆಲಸ ಒಪ್ಪಿಕೊಂಡಿದ್ದವನು, ವಯಸ್ಸು 34. ಸಂಬಳ ಒಂದು ಕೋಟಿ ಡಾಲರ್. ಕೋಚ್‌ಗೆ ಹಳೆಯ ಪರಿಚಯ, ನಿಜ. ಆದರೆ ಲೀಗಿನ 32 ತಂಡಗಳಲ್ಲಿ ಒಂದಕ್ಕೂ ಬೆಂಚಿನ ಮೇಲೆ ಕೂರಲು ಕೂಡ ಕ್ಯಾಪರ್ನಿಕ್ ಬೇಡವಾದನಾ?

ಹಾಗಾಗಿ ನನ್ನ ಉತ್ತರ ಇಷ್ಟು: ಮೊದಲ ಆಯ್ಕೆಯ ಜಾಗ ಹೋದದ್ದು ಆಟದಿಂದ. ಎರಡನೆಯ, ಮೂರನೆಯ ಜಾಗವೂ ಸಿಗದೇ ಹೋದದ್ದು ಮಂಡಿಯಿಂದ.

ತಂಡಗಳೆಲ್ಲ ಒಳಗೊಳಗೇ ಸೇರಿ ತನ್ನನ್ನು ಹೊರಗಿಟ್ಟಿವೆ ಅಂತ ಅವನು ದೂರು ಕೊಟ್ಟ. 2019ರ ಫೆಬ್ರವರಿಯಲ್ಲಿ ರಾಜಿಯಾಯಿತು, ಮೊತ್ತವನ್ನು ಅಧಿಕೃತವಾಗಿ ಹೇಳಲಿಲ್ಲ. 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರ, ಲೀಗ್ ಮುಖ್ಯಸ್ಥ ರೋಜರ್ ಗುಡೆಲ್ ಒಂದು ವಿಡಿಯೋದಲ್ಲಿ ಆಟಗಾರರ ಮಾತನ್ನು ಮೊದಲೇ ಕೇಳದ್ದು ನಮ್ಮ ತಪ್ಪು ಅಂದರು. ಅದರಲ್ಲಿ ಕ್ಯಾಪರ್ನಿಕ್ ಹೆಸರು ಬರಲಿಲ್ಲ. ಅವನಿಗೆ ಆಗ 32 ವರ್ಷ. ಅದೇ ವರ್ಷದ ಮಾರ್ಚ್‌ನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 42ನೇ ವಯಸ್ಸಲ್ಲಿ ಹೊಸ ತಂಡ ಸೇರಿದ್ದ.